ಒಂದಕ್ಷರ ಕಮ್ಮಿಯಾದರೆ ದೇವಿಗೆ ಒಂದೇ ಕಣ್ಣು: ಮೂಡುಬಿದಿರೆಯ ಧವಳ ಗರಿಗಳ ಕಥೆ

ಭಾಗ 1

ನಿಮ್ಮ ಕಾಲೇಜಲ್ಲೂ ಇದು ಆಗಿರುತ್ತೆ. ಫೆಸ್ಟ್‌ಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಗೊತ್ತಾಗುತ್ತೆ: ಕಳೆದ ವರ್ಷದ ಬಜೆಟ್ಟು, ಸ್ಪಾನ್ಸರ್‌ಗಳ ಲಿಸ್ಟು, ಶಾಮಿಯಾನದವರ ನಂಬರು ಎಲ್ಲ ಇರೋ ಡ್ರೈವ್‌ನ ಪಾಸ್‌ವರ್ಡ್ ಒಬ್ಬ ಸೀನಿಯರ್ ತಲೆಯಲ್ಲಿ ಮಾತ್ರ ಇತ್ತು. ಆ ಸೀನಿಯರ್ ಪಾಸಾಗಿ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ. ಮತ್ತೆ ಮೊದಲಿಂದ ಶುರು.

ಮೂರು ವರ್ಷದ ಕ್ಲಬ್ಬಿನ ಗತಿಯೇ ಹೀಗಾದರೆ, ಒಂದು ಸಂಸ್ಥೆ ಸಾವಿರಾರು ವರ್ಷ ಒಂದು ವಿದ್ಯೆಯನ್ನು ಹೇಗೆ ಉಳಿಸಿಕೊಳ್ಳುತ್ತೆ? ಈ ಸರಣಿ ಅದರ ಬಗ್ಗೆ. ಕಥೆ ನಡೆಯೋದು ಹೆಚ್ಚಾಗಿ ನಮ್ಮ ನೆಲದಲ್ಲೇ, ಬನವಾಸಿಯಿಂದ ಮೂಡುಬಿದಿರೆಯವರೆಗೆ.

ಮೂಡುಬಿದಿರೆ ಅಂದ ಕೂಡಲೇ ಎಲ್ಲರೂ ಹಾಕೋದು ಸಾವಿರ ಕಂಬದ ಬಸದಿಯ ಫೋಟೋ. 1430ರ ಕಟ್ಟಡ, ಚಂದವೇ. ಆದರೆ ಅದೇ ಊರಿನ ಗುರು ಬಸದಿಗೆ ಸಿದ್ಧಾಂತ ಬಸದಿ ಅನ್ನೋ ಇನ್ನೊಂದು ಹೆಸರು ಇದೆ, ಗಮನಿಸಿದ್ದೀರಾ? ‘ಸಿದ್ಧಾಂತ’ ಅಂದರೆ ಅಲ್ಲಿದ್ದ ತಾಳೆಗರಿ ಕಟ್ಟುಗಳು. ಧವಳ, ಜಯಧವಳ, ಮಹಾಧವಳ. ದಿಗಂಬರ ಜೈನರ ಅತ್ಯಂತ ಹಳೆಯ ಆಗಮದ ಪಠ್ಯ ಇವತ್ತು ಜಗತ್ತಿನ ಯಾವ ಮೂಲೆಯ ಲೈಬ್ರರಿಯಲ್ಲಿ ಸಿಕ್ಕಿದರೂ ಅದರ ಬೇರು ಈ ಒಂದೇ ಊರಿನ ಗರಿಗಳಲ್ಲಿದೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಲಿಪಿ ಮಾತ್ರ ಹಳೆಯ ಕನ್ನಡ.


ಭಾಗ 2

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮಹಾವೀರನ ಉಪದೇಶ ಶತಮಾನಗಳ ಕಾಲ ಬರಹದಲ್ಲಿ ಇರಲಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಅಷ್ಟೇ. ಕ್ಷಾಮ ಬಂದಾಗ, ಸಂಘ ಚದುರಿದಾಗ, ಗೊತ್ತಿದ್ದವರು ತೀರಿಕೊಂಡಾಗ ಒಂದೊಂದೇ ಭಾಗ ಉದುರುತ್ತ ಬಂತು. ದಿಗಂಬರ ಪರಂಪರೆ ಇದನ್ನು ಮುಚ್ಚಿಡುವುದಿಲ್ಲ. ಯಾವ ಆಚಾರ್ಯರಿಗೆ ಎಷ್ಟು ಗೊತ್ತಿತ್ತು, ಯಾರ ನಂತರ ಎಷ್ಟು ಕಡಿಮೆಯಾಯ್ತು ಅಂತ ಪಟ್ಟಿಯನ್ನೇ ಇಟ್ಟುಕೊಂಡಿದೆ. ಕಳೆದುಕೊಂಡದ್ದರ ಲೆಕ್ಕವನ್ನೂ ಇಷ್ಟು ಶ್ರದ್ಧೆಯಿಂದ ಇಡುವವರು ಕಡಿಮೆ, ನನಗಂತೂ ಅದು ಬಹಳ ಇಷ್ಟವಾಯ್ತು.

ಆ ಪಟ್ಟಿಯ ಕೊನೆಯ ಹೊತ್ತಿಗೆ, ಅಂದರೆ ಮಹಾವೀರನ ನಂತರ ಆರುನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನ ಅನ್ನೋ ವೃದ್ಧ ಮುನಿ ಇದ್ದರು. ಇವತ್ತಿನ ಗಿರ್ನಾರ್ ಅದು. ಉಳಿದಿದ್ದ ಒಂದು ತುಂಡು ಸಿದ್ಧಾಂತ ಅವರಿಗೆ ಗೊತ್ತಿತ್ತು. ತಾನು ಹೋದರೆ ಅದೂ ಹೋಗುತ್ತೆ ಅನ್ನೋದೂ ಗೊತ್ತಿತ್ತು. ಸೇರಿದ್ದ ದಕ್ಷಿಣಾಪಥದ ಮುನಿಗಳಿಗೆ ಓಲೆ ಕಳಿಸಿದರು. ಅವರು ಇಬ್ಬರನ್ನು ಆರಿಸಿ ಕಳಿಸಿದರು.

ಬಂದವರಿಗೆ ಧರಸೇನರು ಕೂಡಲೇ ಪಾಠ ಶುರು ಮಾಡಲಿಲ್ಲ, ಒಂದು ಪರೀಕ್ಷೆ ಇಟ್ಟರು. ಈ ಕಥೆ ಧವಳ ಗ್ರಂಥದಲ್ಲೇ ಇದೆ. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟು, ಉಪವಾಸವಿದ್ದು ಸಾಧಿಸಿ ಅಂದರು. ಒಂದು ಮಂತ್ರದಲ್ಲಿ ಬೇಕೆಂದೇ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಮ್ಮಿ. ಮಂತ್ರ ಸಿದ್ಧಿಸಿ ದೇವತೆಯರು ಬಂದರು. ಒಬ್ಬಳಿಗೆ ಹಲ್ಲು ಹೊರಗೆ ಚಾಚಿದೆ. ಇನ್ನೊಬ್ಬಳಿಗೆ ಒಂದೇ ಕಣ್ಣು.

ದೇವತೆಯರು ಹೀಗಿರುವುದಿಲ್ಲವಲ್ಲ, ಹಾಗಾದರೆ ತಪ್ಪು ಮಂತ್ರದಲ್ಲೇ ಇರಬೇಕು ಅಂತ ಇಬ್ಬರೂ ಯೋಚಿಸಿದರು. ಮಂತ್ರಶಾಸ್ತ್ರದ ವ್ಯಾಕರಣ ಹಿಡಿದು ಹೆಚ್ಚಾದ ಅಕ್ಷರ ತೆಗೆದರು, ಕಮ್ಮಿಯಾದದ್ದನ್ನು ಸೇರಿಸಿದರು. ಮತ್ತೆ ಜಪಿಸಿದಾಗ ದೇವತೆಯರು ಸರಿಯಾದ ರೂಪದಲ್ಲಿ ಬಂದರು. ಅದನ್ನು ಹೋಗಿ ಹೇಳಿದ ಮೇಲೆಯೇ ಧರಸೇನರು ಪಾಠ ಶುರು ಮಾಡಿದ್ದು.

ಇದನ್ನು ನೀವು ನಂಬಬೇಕು ಅಂತಿಲ್ಲ. ಆದರೆ ಮುದುಕರು ಏನು ಪರೀಕ್ಷೆ ಮಾಡಿದರು ನೋಡಿ. ಹೇಳಿದ್ದನ್ನು ಹಾಗೇ ಒಪ್ಪಿಸುವವನು ಅವರಿಗೆ ಬೇಕಿರಲಿಲ್ಲ, ಹೇಳಿದ್ದರಲ್ಲಿ ತಪ್ಪಿದ್ದರೆ ಹಿಡಿದು ಸರಿಮಾಡುವವನು ಬೇಕಿತ್ತು. ಈ ಒಕ್ಕಣ್ಣಿನ ದೇವಿಯನ್ನು ನೆನಪಲ್ಲಿಡಿ. ಕೊನೆಯ ಭಾಗದಲ್ಲಿ ಬೇಕಾಗುತ್ತಾಳೆ.


ಭಾಗ 3

ಆ ಇಬ್ಬರ ಹೆಸರು ಪುಷ್ಪದಂತ, ಭೂತಬಲಿ. ಪಾಠ ಮುಗಿದ ಮೇಲೆ ಧರಸೇನರು ಅವರನ್ನು ಅಲ್ಲಿ ಉಳಿಸಿಕೊಳ್ಳದೆ ಕಳಿಸಿಬಿಟ್ಟರು. ಮಳೆಗಾಲವನ್ನು ಗುಜರಾತಿನ ಅಂಕಲೇಶ್ವರದಲ್ಲಿ ಕಳೆದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಭೂತಬಲಿ ತಮಿಳು ನಾಡಿನ ಕಡೆಗೆ. ಪುಷ್ಪದಂತ ವನವಾಸ ದೇಶಕ್ಕೆ.

ವನವಾಸ ಅಂದರೆ ನಮ್ಮ ಬನವಾಸಿಯ ಸೀಮೆ! ನಾವೆಲ್ಲ ಕದಂಬರು, ಮಧುಕೇಶ್ವರ ದೇವಸ್ಥಾನ, ಪಂಪ ಅಂತ ನೆನಪಿಟ್ಟುಕೊಂಡಿರೋ ಊರು. ಅಲ್ಲಿ ಪುಷ್ಪದಂತರು ಜಿನಪಾಲಿತ ಅನ್ನೋರಿಗೆ ದೀಕ್ಷೆ ಕೊಟ್ಟು, ಮೊದಲ ಭಾಗದ 177 ಸೂತ್ರಗಳನ್ನು ರಚಿಸಿ, ಕಲಿಸಿ, ಭೂತಬಲಿಯ ಬಳಿಗೆ ಕಳಿಸಿದರು. ಗೆಳೆಯನ ಆಯಸ್ಸು ಹೆಚ್ಚಿಲ್ಲ ಅನ್ನೋದು ಜಿನಪಾಲಿತರಿಂದ ಭೂತಬಲಿಗೆ ತಿಳಿಯಿತು. ಉಳಿದದ್ದನ್ನು ಅವರೇ ಕೂತು ಪೂರ್ತಿ ಮಾಡಿದರು. ಆರು ಖಂಡ, ಅದಕ್ಕೇ ಷಟ್ಖಂಡಾಗಮ. ಬರಹ ಮುಗಿದ ದಿನ ಜ್ಯೇಷ್ಠ ಶುದ್ಧ ಪಂಚಮಿ ಅಂತ ಪರಂಪರೆ. ಆ ದಿನವನ್ನು ಜೈನರು ಇವತ್ತಿಗೂ ಶ್ರುತಪಂಚಮಿ ಅಂತ ಆಚರಿಸುತ್ತಾರೆ.

ಮೂಲ ಸೂತ್ರಗಳು ತುಂಬಾ ಬಿಗಿ. ವಿವರಣೆ ಇಲ್ಲದೆ ಹೋದರೆ ಫಾರ್ಮುಲಾ ಶೀಟ್ ಇದ್ದ ಹಾಗೆ. ಹಾಗಾಗಿ ಒಂದರ ಮೇಲೊಂದು ವ್ಯಾಖ್ಯಾನ ಬಂದವು. ಅದರಲ್ಲಿ ಒಂದು ತುಂಬಲೂರಾಚಾರ್ಯರ ‘ಚೂಡಾಮಣಿ’. ಇಂದ್ರನಂದಿಯ ಶ್ರುತಾವತಾರದ ಪ್ರಕಾರ ಅದರ ಗಾತ್ರ 84 ಸಾವಿರ ಗ್ರಂಥ (32 ಅಕ್ಷರಕ್ಕೆ ಒಂದು ಗ್ರಂಥ ಅಂತ ಲೆಕ್ಕ), ಮತ್ತು ಅದು ಇದ್ದದ್ದು ಕನ್ನಡದಲ್ಲಿ. ಇನ್ನೊಮ್ಮೆ ಓದಿ. ಧವಳಕ್ಕೂ ಮೊದಲು, 84 ಸಾವಿರ ಗ್ರಂಥ, ಕನ್ನಡದಲ್ಲಿ. ಒಂದು ಸಾಲೂ ಉಳಿದಿಲ್ಲ. ಕನ್ನಡದ ಹಳೆಯ ಗದ್ಯ ಎಲ್ಲಿ ಅಂತ ಹುಡುಕುವ ನಾವು ಈ ಹೆಸರನ್ನಾದರೂ ಬಾಯಲ್ಲಿ ಇಟ್ಟುಕೊಂಡಿರಬೇಕು.

ಉಳಿದದ್ದು ವೀರಸೇನರ ವ್ಯಾಖ್ಯಾನ. 9ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ಅದರ ಹೆಸರೇ ಧವಳ, 72 ಸಾವಿರ ಗ್ರಂಥ. ಅಂದರೆ ಸುಮಾರು 23 ಲಕ್ಷ ಅಕ್ಷರ. ಆಮೇಲೆ ಇನ್ನೊಂದು ಹಳೆಯ ಗ್ರಂಥವಾದ ಕಷಾಯಪಾಹುಡಕ್ಕೆ ಜಯಧವಳ ವ್ಯಾಖ್ಯಾನ ಶುರು ಮಾಡಿದರು. 20 ಸಾವಿರ ಗ್ರಂಥದ ಹೊತ್ತಿಗೆ ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ 40 ಸಾವಿರ ಬರೆದು 837ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮುಗಿಸಿದರು. ಗುರು ಅರ್ಧಕ್ಕೆ ಬಿಟ್ಟುಹೋದ ಕೆಲಸದ ಎರಡರಷ್ಟನ್ನು ಶಿಷ್ಯ ಮಾಡಿದ್ದು!


ಭಾಗ 4

ಬರೆದಾಯ್ತು. ಆದರೆ ತಾಳೆಗರಿ ಕಲ್ಲಲ್ಲ. ಹುಳ ತಿನ್ನುತ್ತೆ, ತೇವ ತಗಲುತ್ತೆ, ಅಂಚು ಮುರಿಯುತ್ತೆ. ಕೆಲವು ನೂರು ವರ್ಷಕ್ಕೊಮ್ಮೆ ಯಾರಾದರೂ ಕೂತು ಪೂರ್ತಿ ಪ್ರತಿ ಮಾಡಲೇಬೇಕು. 23 ಲಕ್ಷ ಅಕ್ಷರ, ಕೈಯಲ್ಲಿ. ಬರೆಯುವವರ ಊಟ, ಗರಿ, ಕೂಲಿಯ ಖರ್ಚು ಯಾರು ಕೊಡಬೇಕು?

ಇಲ್ಲಿ ಸಂಘ ಒಂದು ಜಾಣ ವ್ಯವಸ್ಥೆ ಮಾಡಿಕೊಂಡಿತ್ತು. ಆಹಾರ, ಅಭಯ, ಔಷಧ, ಶಾಸ್ತ್ರ, ಇವು ಜೈನರ ನಾಲ್ಕು ದಾನಗಳು. ಪುಸ್ತಕ ಬರೆಸಿ ಕೊಡುವುದು ಊಟ ಹಾಕಿದಷ್ಟೇ ಪುಣ್ಯ. ಜೊತೆಗೆ ಶ್ರುತಪಂಚಮಿಯ ನೋಂಪಿ. ವ್ರತ ಮುಗಿಸುವಾಗ ಉದ್ಯಾಪನೆಗೆ ಒಂದು ಗ್ರಂಥ ಬರೆಸಿ ಮುನಿಗಳಿಗೆ ಒಪ್ಪಿಸುವುದು. ಅದೇ ಹಬ್ಬದ ದಿನ ಹಳೆಯ ಕಟ್ಟುಗಳನ್ನು ಹೊರತೆಗೆದು, ಧೂಳು ಒರೆಸಿ, ಬಿಸಿಲು ತೋರಿಸಿ, ಬಟ್ಟೆ ಬದಲಿಸಿ ಮತ್ತೆ ಕಟ್ಟಿಡುವುದು. ಬ್ಯಾಕಪ್ಪು, ಮೇಂಟೆನೆನ್ಸು ಎರಡನ್ನೂ ಹಬ್ಬದೊಳಗೆ ಸೇರಿಸಿಬಿಟ್ಟಿದ್ದರು. ನೆನಪಿಡಬೇಕಾದ ಕೆಲಸ ಅಂತ ಅನಿಸುವುದೇ ಇಲ್ಲ, ಪಂಚಾಂಗವೇ ನೆನಪಿಸುತ್ತೆ.

ಈಗ ಮೂಡುಬಿದಿರೆಯ ಗರಿಗಳ ಕೊನೆಯಲ್ಲಿರುವ ದಾನದ ಪದ್ಯಗಳನ್ನು ನೋಡಿದರೆ ಯಾರು ಸಿಗುತ್ತಾರೆ ಗೊತ್ತಾ? ಧವಳದ ಪ್ರತಿಯನ್ನು ಶ್ರುತಪಂಚಮಿ ನೋಂಪಿಯ ಉದ್ಯಾಪನೆಗೆ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟವಳು ದೇಮಿಯಕ್ಕ. ಕಾಲ 12ನೇ ಶತಮಾನದ ಆರಂಭ. ಮಹಾಬಂಧದ ಪ್ರತಿಯನ್ನು ಬರೆಸಿ ಮಾಘನಂದಿ ಮುನಿಗೆ ಕೊಟ್ಟವಳು ಮಲ್ಲಿಕಬ್ಬೆ. ಅವರಿಗಿಂತ ಮೊದಲೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆ ನಿಮಗೆ ಗೊತ್ತೇ ಇದ್ದಾಳೆ. ಪ್ರೆಸ್ಸು ಇಲ್ಲದ ಕಾಲದಲ್ಲಿ ನಮ್ಮ ಪಬ್ಲಿಷರ್‌ಗಳು ಇವರು.

ಆ ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಹೊಯ್ಸಳರು ಅಂದರೆ ನಮಗೆ ಕಲ್ಲಿನ ಕೆತ್ತನೆ ಮಾತ್ರ ನೆನಪಾಗೋದು. ಆ ಕಾಲದ ಚಿತ್ರಕಲೆ ಹೇಗಿತ್ತು ಅಂತ ತಿಳಿಯೋಕೆ ಕಲಾ ಇತಿಹಾಸಕಾರರು ಹೋಗೋದು ಈ ಗರಿಗಳ ಹತ್ತಿರವೇ. ತಿರುಚಿ ನಿಂತ ಮೈ, ದೊಡ್ಡ ಕಣ್ಣು, ಗಾಢ ಕೆಂಪು. ಅಂಗೈ ಅಗಲವೂ ಇಲ್ಲದ ಜಾಗದಲ್ಲಿ.


ಭಾಗ 5

ಇಷ್ಟೆಲ್ಲ ಇದ್ದೂ ಓದುವವರು ಕಮ್ಮಿಯಾದರು. ಕಾರಣ ಯುದ್ಧ, ಬೆಂಕಿ ಅಂತ ನೀವು ಅಂದುಕೊಂಡಿದ್ದರೆ, ನನ್ನ ಅಭಿಪ್ರಾಯದಲ್ಲಿ ದೊಡ್ಡ ಕಾರಣ ಅದಲ್ಲ. ಒಂದು ಒಳ್ಳೆಯ ಗೈಡ್ ಬಂತು.

10ನೇ ಶತಮಾನದಲ್ಲಿ ಗೊಮ್ಮಟೇಶ್ವರನನ್ನು ಮಾಡಿಸಿದ ಚಾವುಂಡರಾಯನಿಗಾಗಿ ಅವನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಈ ಮಹಾ ಗ್ರಂಥಗಳ ಸಾರ ತೆಗೆದು ‘ಗೊಮ್ಮಟಸಾರ’ ಬರೆದರು. ಅಚ್ಚುಕಟ್ಟು, ಚಿಕ್ಕದು, ಕಲಿಯೋಕೆ ಸುಲಭ. ಅದು ಎಷ್ಟು ಓಡಿತು ಅಂದರೆ, 1359ರಲ್ಲಿ ಕೇಶವಣ್ಣ ಅದಕ್ಕೆ ಕನ್ನಡ ವೃತ್ತಿ ಬರೆದ. ಆ ಕನ್ನಡವನ್ನು ನೋಡಿ ಸಂಸ್ಕೃತ ಟೀಕೆ ಬಂತು, ಆ ಸಂಸ್ಕೃತವನ್ನು ಹಿಡಿದು 18ನೇ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಅಲ್ಲಿನ ದೇಶಭಾಷೆಯಲ್ಲಿ ಬರೆದರು. ರಾಜಸ್ಥಾನದ ಜೈನರು ಕರ್ಮಸಿದ್ಧಾಂತ ಕಲಿತ ದಾರಿ ಕನ್ನಡದ ಮೂಲಕ ಹಾದುಹೋಗಿದೆ, ಇದನ್ನು ತೋರಿಸಿಕೊಟ್ಟವರು ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆ. ನೇ. ಉಪಾಧ್ಯೆ.

ಆದರೆ ಗೈಡ್ ಓದಿ ಪಾಸಾಗುವಾಗ ಟೆಕ್ಸ್ಟ್‌ಬುಕ್ ತೆಗೆಯೋರು ಯಾರು? ನೀವೂ ತೆಗೆಯಲ್ಲ, ನಾನೂ ತೆಗೆಯಲ್ಲ. ಓದುವವರಿಲ್ಲದ ಕಡೆ ಪ್ರತಿ ಮಾಡಿಸುವವರೂ ಇಲ್ಲ. ಮಿಕ್ಕ ಕಡೆಗಳಲ್ಲಿದ್ದ ಧವಳದ ಪ್ರತಿಗಳು ಒಂದೊಂದಾಗಿ ಇಲ್ಲವಾದವು. ಕೊನೆಗೆ ಮೂಡುಬಿದಿರೆಯಲ್ಲಿ ಮಾತ್ರ. ಧವಳದ್ದು ಮೂರು ತಾಳೆಗರಿ ಪ್ರತಿ, ಎಲ್ಲವೂ ಪೂರ್ತಿ ಇಲ್ಲ. ಮಹಾಬಂಧದ್ದು ಒಂದೇ ಒಂದು, ಅದರಲ್ಲೂ ಕೆಲವು ಗರಿ ನಾಶವಾಗಿವೆ.


ಭಾಗ 6

ಮೂಡುಬಿದಿರೆಯವರು ಏನು ಮಾಡಿದರು? ಕಾಪಾಡಿದರು. ಬೀಗ ಹಾಕಿ ಕಾಪಾಡಿದರು. ರತ್ನದ ಜಿನಬಿಂಬಗಳ ಜೊತೆ ಈ ಕಟ್ಟುಗಳನ್ನೂ ಇಟ್ಟು, ಯಾತ್ರಿಕರು ಬಂದರೆ ‘ಸಿದ್ಧಾಂತ ದರ್ಶನ’ ಮಾಡಿಸುತ್ತಿದ್ದರು. ದೂರದಿಂದ ಕೈಮುಗಿಯೋದು. ಗ್ರಂಥ ದೇವರಾಗಿತ್ತು, ದೇವರನ್ನು ಯಾರೂ ಪುಟ ತಿರುಗಿಸಿ ಓದಲ್ಲ.

ಇದನ್ನು ಬೈಯೋದು ಸುಲಭ. ಕರಾವಳಿಯ ಆ ಮಳೆ, ಆ ತೇವದಲ್ಲಿ ಶತಮಾನಗಟ್ಟಲೆ ತಾಳೆಗರಿ ಉಳಿಯೋದು ಸುಮ್ಮನೆ ಮಾತಲ್ಲ. ಬೀಗ ಇಲ್ಲದೆ ಹೋಗಿದ್ದರೆ ಈ ಕಥೆಯೇ ಇಲ್ಲ. ಆದರೆ ಬೀಗ ತೆಗೆಯದೇ ಇದ್ದಿದ್ದರೆ? ಗರಿ ಇರುತ್ತಿತ್ತು, ಆ ಹಳೆಯ ಲಿಪಿ ಓದಿ ಆ ಪ್ರಾಕೃತ ಅರ್ಥ ಮಾಡಿಕೊಳ್ಳುವ ಮನುಷ್ಯ ಇರುತ್ತಿರಲಿಲ್ಲ. ಎರಡೂ ನಿಜ, ನನಗೆ ಒಂದು ಕಡೆ ನಿಲ್ಲೋಕೆ ಆಗಲಿಲ್ಲ.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಯಾತ್ರೆಗೆ ಬಂದರು, ದರ್ಶನ ಮಾಡಿದರು, ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಪಟ್ಟರು. ಊರಿಗೆ ಹೋಗಿ ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರಿಗೆ ಹೇಳಿದರು. ಹೀರಾಚಂದ್ ಬರುವಾಗ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳನ್ನು ಜೊತೆಗೆ ಕರೆತಂದರು, ಯಾಕಂದರೆ ಶಾಸ್ತ್ರಿಗಳಿಗೆ ಆ ಲಿಪಿ ಓದೋಕೆ ಬರುತ್ತಿತ್ತು. ಅವರು ಮಂಗಳಾಚರಣೆಯನ್ನು ಗಟ್ಟಿಯಾಗಿ ಓದಿದರು. ಕೈಮುಗಿಯೋಕೆ ಮಾತ್ರ ಇದ್ದ ಗರಿಯಿಂದ ಮಂಗಳಾಚರಣೆಯ ದನಿ ಹೊರಬಂದಾಗ ಅಲ್ಲಿದ್ದವರಿಗೆ ಹೇಗಾಗಿರಬೇಡ!


ಭಾಗ 7

ಪ್ರತಿ ಮಾಡುವ ಕೆಲಸ ಶುರುವಾದದ್ದು 1896ರಲ್ಲಿ. ಮುಗಿದದ್ದು 1922ರಲ್ಲಿ. 26 ವರ್ಷ. ಬ್ರಹ್ಮಸೂರಿ ಶಾಸ್ತ್ರಿಗಳು ಮಧ್ಯದಲ್ಲೇ ತೀರಿಕೊಂಡರು. ಜೊತೆಗಿದ್ದ ಮಿರಜದ ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ಷರತ್ತು ಒಂದೇ: ಹೊಸ ಪ್ರತಿಯೂ ಮೂಡುಬಿದಿರೆಯಿಂದ ಹೊರಗೆ ಹೋಗಬಾರದು.

ಗಜಪತಿ ಏನು ಮಾಡಿದರು ಗೊತ್ತಾ? ಹಗಲು ಅಧಿಕೃತವಾಗಿ ನಾಗರಿ ಲಿಪಿಯ ಪ್ರತಿ. ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ. ಅದಕ್ಕೆ ನೆರವಾದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಲಕ್ಷಾಂತರ ಅಕ್ಷರ, ವರ್ಷಗಟ್ಟಲೆ, ಹೊರಗೆ ಯಾರಿಗೂ ಹೇಳದೆ. ದೇಮಿಯಕ್ಕ, ಮಲ್ಲಿಕಬ್ಬೆಯರ ಹೆಸರು ಗರಿಯ ಕೊನೆಯಲ್ಲಿ ಪದ್ಯವಾಗಿದೆ. ಲಕ್ಷ್ಮೀಬಾಯಿಯ ಹೆಸರು ಮುನ್ನುಡಿಯ ಒಂದು ವಾಕ್ಯದಲ್ಲಿದೆ.

ಆ ಪ್ರತಿ ಹೊತ್ತು ಗಜಪತಿ ಸೊಲ್ಲಾಪುರಕ್ಕೆ ಹೋದರು. ಹೀರಾಚಂದ್ ಕೊಳ್ಳಲಿಲ್ಲ, ಮಾಣಿಕಚಂದರೂ ಕೊಳ್ಳಲಿಲ್ಲ. ಕೊಟ್ಟ ಮಾತು ಮುರಿದು ಬಂದದ್ದು ನಮಗೆ ಬೇಡ ಅನ್ನೋ ನಿಲುವು. ಕೊನೆಗೆ ಉತ್ತರದ ಸಹಾರನ್‌ಪುರದಲ್ಲಿ ಲಾಲಾ ಜಂಬೂಪ್ರಸಾದ್ ಅದನ್ನು ತಮ್ಮ ದೇವಾಲಯದಲ್ಲಿ ಇಟ್ಟುಕೊಂಡರು. ಆದರೆ ಸಹಾರನ್‌ಪುರದಲ್ಲಿ ಕನ್ನಡ ಓದೋರು ಯಾರು? 1916ರಿಂದ 1923ರವರೆಗೆ ಕನ್ನಡ ಲಿಪಿ ಬಲ್ಲ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿ ಸೇರಿ ಅದನ್ನು ನಾಗರಿಗೆ ಇಳಿಸಿದರು.

ಅಲ್ಲೂ ಹೊರಗೆ ಕೊಡಬಾರದು ಅನ್ನೋ ಮನಸ್ಸೇ. ಸೀತಾರಾಮ ಶಾಸ್ತ್ರಿಯೂ ಗುಟ್ಟಾಗಿ ತಮಗೊಂದು ಪ್ರತಿ ಮಾಡಿಕೊಂಡುಬಿಟ್ಟರು! ಅದರಿಂದ ಅಮರಾವತಿ, ಕಾರಂಜಾ, ಆರಾ ಅಂತ ಹಲವು ಊರುಗಳಿಗೆ ಪ್ರತಿ ಹೋಯ್ತು. ಮಾಡಿದ್ದು ಸರಿಯೋ ತಪ್ಪೋ, ನೀವೇ ಕಾಮೆಂಟಲ್ಲಿ ಜಗಳ ಮಾಡಿ. ಆದರೆ ಒಂದು ಮಾತು. ಗುಟ್ಟಾಗಿ, ಮೂಲ ಪಕ್ಕದಲ್ಲಿಲ್ಲದೆ, ಪ್ರತಿಯ ಪ್ರತಿಯ ಪ್ರತಿ ಮಾಡಿದರೆ ಏನಾಗುತ್ತೆ? ತಪ್ಪು ಸೇರುತ್ತೆ, ತಾಳೆ ನೋಡೋಕೆ ದಾರಿ ಇರಲ್ಲ.


ಭಾಗ 8

ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು ಪಂಡಿತರ ತಂಡ ಕಟ್ಟಿಕೊಂಡು, ಉಪಾಧ್ಯೆಯವರ ನೆರವು ಪಡೆದು 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚು ಮಾಡಿಸಿದರು. ಒಟ್ಟು 16 ಸಂಪುಟ ಮುಗಿಯೋಕೆ ಇಪ್ಪತ್ತು ವರ್ಷ ಹಿಡಿಯಿತು.

ಅಚ್ಚಾದ ಮೇಲೆ ಧರ್ಮದವರು ಮಾತ್ರ ಓದಲಿಲ್ಲ. ಗಣಿತದವರೂ ಕಣ್ಣರಳಿಸಿದರು. ವೀರಸೇನರು ‘ಅರ್ಧಚ್ಛೇದ’ ಅನ್ನೋ ಪದ ಬಳಸುತ್ತಾರೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತೆ? 32ಕ್ಕೆ ಐದು ಸಲ. ಪಿಯುಸಿಯಲ್ಲಿ ನೀವು ಓದಿದ ಲಾಗರಿದಮ್ಮು, ಬೇಸ್ 2. ಮೂರರಿಂದ ಭಾಗಿಸುವ ‘ತ್ರಿಕಚ್ಛೇದ’ವೂ ಇದೆ. ಕೈಮುಗಿಯುತ್ತಿದ್ದ ಕಟ್ಟಿನೊಳಗೆ ಇದು ಕೂತಿತ್ತು.

ಮೊದಲ ಸಂಪುಟ ನೋಡಿ ಮೂಡುಬಿದಿರೆಯ ಮನಸ್ಸೂ ಬದಲಾಯ್ತು. ಅಲ್ಲಿನ ಚಾರುಕೀರ್ತಿ ಭಟ್ಟಾರಕರು ಮತ್ತು ಆಡಳಿತದವರು ಮೂಲ ಗರಿಗಳ ಜೊತೆ ತಾಳೆ ನೋಡಲು ಒಪ್ಪಿದರು. ಊರಿನವರೇ ಆದ ಪಂಡಿತ ಲೋಕನಾಥ ಶಾಸ್ತ್ರಿಗಳು ಆ ಕೆಲಸಕ್ಕೆ ಕೂತರು. ‘ಮಹಾಧವಳ’ ಅಂತ ಪೂಜೆಗೊಳ್ಳುತ್ತಿದ್ದ ಕಟ್ಟಿನ ಮೊದಲ ಗರಿಗಳಲ್ಲಿ ಬೇರೆಯೇ ಒಂದು ಗ್ರಂಥ ಇದೆ, ಮಹಾಬಂಧ ಶುರುವಾಗೋದು ಅದರ ನಂತರ ಅನ್ನೋದೆಲ್ಲ ಗೊತ್ತಾದದ್ದು ಹೀಗೆ ಬಿಚ್ಚಿ ಓದಿದ ಮೇಲೆಯೇ.

ಈಗ ಒಕ್ಕಣ್ಣಿನ ದೇವಿ.

ಮೊದಲ ಸಂಪುಟದಲ್ಲಿ, ಅಂದರೆ ಪುಷ್ಪದಂತರು ಬನವಾಸಿ ಸೀಮೆಯಲ್ಲಿ ರಚಿಸಿದ ಭಾಗದಲ್ಲಿ, 93ನೇ ಸೂತ್ರ ಹೆಣ್ಣಿನ ಬಗ್ಗೆ ಇದೆ. ಆತ್ಮ ಮೇಲೇರುವ 14 ಮೆಟ್ಟಿಲುಗಳನ್ನು ಗುಣಸ್ಥಾನ ಅಂತಾರೆ. ಅದರಲ್ಲಿ ಮನುಷ್ಯ ಸ್ತ್ರೀಗೆ ಯಾವ ಯಾವ ಮೆಟ್ಟಿಲು ಅಂತ ಸೂತ್ರ ಹೇಳುತ್ತೆ. ಸಂಪಾದಕರ ಕೈಗೆ ಸಿಕ್ಕ ಪ್ರತಿಗಳಲ್ಲಿ ಐದನೇ ಮೆಟ್ಟಿಲಿಗೇ ಸೂತ್ರ ನಿಂತಿತ್ತು. ಆದರೆ ಕೆಳಗೆ ವೀರಸೇನರ ವ್ಯಾಖ್ಯಾನ ಕೇಳುತ್ತೆ: ಹಾಗಾದರೆ ಸ್ತ್ರೀಗೆ ಹದಿನಾಲ್ಕೂ ಮೆಟ್ಟಿಲು ಹೇಗೆ ಸಾಧ್ಯ? ಸೂತ್ರದಲ್ಲಿ ಐದೇ ಇದ್ದರೆ ಆ ಪ್ರಶ್ನೆಯೇ ಹುಟ್ಟಲ್ಲವಲ್ಲ! ಸಂಪಾದಕರಿಗೆ ಅನುಮಾನ ಬಂತು. ‘ಸಂಜದ’ ಅನ್ನೋ ಪದ ಇಲ್ಲಿ ಬಿಟ್ಟುಹೋಗಿರಬೇಕು ಅಂತ ಅಡಿಟಿಪ್ಪಣಿ ಹಾಕಿದರು. ಸಂಜದ ಅಂದರೆ ಸಂಯತ, ಪೂರ್ಣ ಸಂಯಮದ ಮುನಿತ್ವ.

ಗಲಾಟೆ ಆಯ್ತು. ಸ್ತ್ರೀ ಜನ್ಮದಿಂದಲೇ ಮೋಕ್ಷ ಉಂಟು ಅಂತ ಶ್ವೇತಾಂಬರರು, ಇಲ್ಲ ಅಂತ ದಿಗಂಬರರು, ಸಾವಿರಾರು ವರ್ಷದ ವಾದ ಅದು. ಆ ಒಂದು ಪದ ಸೂತ್ರದಲ್ಲಿದ್ದರೆ ದಿಗಂಬರರ ಅತ್ಯಂತ ಹಳೆಯ ಆಗಮವೇ ಅವರ ವಿರುದ್ಧ ಸಾಕ್ಷಿ ಹೇಳಿದ ಹಾಗಲ್ಲವೇ ಅಂತ ಕೆಲವು ಪಂಡಿತರು ಆಕ್ಷೇಪಿಸಿದರು. ಊಹೆ ಮಾಡಿ ಆಗಮಕ್ಕೆ ಪದ ಸೇರಿಸೋಕೆ ನೀವ್ಯಾರು ಅನ್ನೋ ಪ್ರಶ್ನೆಯೂ ಬಂತು. ನ್ಯಾಯವಾದ ಪ್ರಶ್ನೆಯೇ.

ಉತ್ತರ ಇದ್ದದ್ದು ಮೂಡುಬಿದಿರೆಯಲ್ಲಿ. ತಾಳೆಗರಿ ಬಿಚ್ಚಿ ಆ ಸೂತ್ರ ಹುಡುಕಿ ನೋಡಿದರು. ಸಂಜದ ಇತ್ತು.

ವಾದ ಅಲ್ಲಿಗೆ ಮುಗಿಯಲಿಲ್ಲ. ವೀರಸೇನರೇ ಸಾವಿರ ವರ್ಷ ಹಿಂದೆ ಉತ್ತರ ಕೊಟ್ಟಿದ್ದಾರೆ, ಇಲ್ಲಿ ಸ್ತ್ರೀ ಅಂದರೆ ದೇಹದಿಂದಲ್ಲ, ಭಾವದಿಂದ ಸ್ತ್ರೀ ಅಂತ. ದಿಗಂಬರ ಪಂಡಿತರು ಅದನ್ನೇ ಹಿಡಿದರು. ಇನ್ನು ಕೆಲವರು ಪದ ಇದ್ದರೂ ಒಪ್ಪಲಿಲ್ಲ. 1940ರ ದಶಕದುದ್ದಕ್ಕೂ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಈ ಜಗಳ ನಡೆಯಿತು. ಆದರೆ ಪದ ಗರಿಯಲ್ಲಿದೆಯೋ ಇಲ್ಲವೋ ಅನ್ನೋ ಜಗಳ ಅದಾಗಿರಲಿಲ್ಲ, ಅದರ ಅರ್ಥ ಏನು ಅನ್ನೋ ಜಗಳವಾಗಿತ್ತು.

ಮೂಡುಬಿದಿರೆಗೆ ಹೋಗುವವರಿದ್ದರೆ, ಸಾವಿರ ಕಂಬದ ಬಸದಿಯಿಂದ ಗುರು ಬಸದಿ ದೂರವಿಲ್ಲ, ನಡೆದೇ ಹೋಗಬಹುದು. ಜ್ಯೇಷ್ಠ ಶುದ್ಧ ಪಂಚಮಿ ಬರೋದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ. ಆ ಹೊತ್ತಿಗೆ ಅಲ್ಲಿ ಮಳೆ ಹಿಡಿದಿರುತ್ತೆ, ಕೊಡೆ ಇರಲಿ.